ಬದಲಾಗದ್ದು ಬಿಲ್ಡ್ ಆಗೋದು ಬೇಡ, ಬದಲಾದದ್ದು ತಪ್ಪೋದೂ ಬೇಡ

ಪ್ರಶ್ನೆ: ನಮ್ಮದು ಮಾನೊರೆಪೊ, ಅಂದರೆ ಹಲವು ಪ್ರಾಜೆಕ್ಟ್‌ಗಳ ಕೋಡ್ ಒಂದೇ ಗಿಟ್ ರೆಪೊದಲ್ಲಿ. ಅದರೊಳಗೆ ಐದು ಪ್ರಾಜೆಕ್ಟ್‌ಗಳಿವೆ: ಗ್ರಾಹಕರ ವೆಬ್‌ಸೈಟ್, ಅಡ್ಮಿನ್, ಎಪಿಐ, ಡಾಕ್ಸ್, ಒಂದು ಲ್ಯಾಂಡಿಂಗ್ ಪೇಜ್. ಜೊತೆಗೆ ಎಲ್ಲರೂ ಬಳಸುವ ಮೂರು ಪ್ಯಾಕೇಜ್‌ಗಳು. ರೀಡ್‌ಮಿ ಫೈಲಿನಲ್ಲಿ ಒಂದು ಅಕ್ಷರ ತಿದ್ದಿ ಪುಶ್ ಮಾಡಿದರೂ ಐದೂ ಬಿಲ್ಡ್ ಆಗುತ್ತಿದ್ದವು, ಕ್ಯೂನಲ್ಲಿ ಕಾಯುವುದೇ ಕೆಲಸವಾಗಿತ್ತು. ಬೇಸತ್ತು, 'ಹಿಂದಿನ ಕಮಿಟ್‌ಗೆ ಹೋಲಿಸಿದರೆ ಈ ಫೋಲ್ಡರ್ ಬದಲಾಗಿಲ್ಲ ಅಂದರೆ ಬಿಲ್ಡ್ ಬೇಡ' ಎನ್ನುವ ಒಂದು ಸಾಲಿನ ಗಿಟ್ ಕಮಾಂಡನ್ನು ಪ್ರತಿ ಪ್ರಾಜೆಕ್ಟಿನ ಸೆಟ್ಟಿಂಗ್ಸ್‌ನಲ್ಲಿ ಹಾಕಿದೆವು. ಒಂದು ವಾರ ಚೆನ್ನಾಗಿತ್ತು. ಈಗ ಉಲ್ಟಾ ಆಗಿದೆ. ಕೆಲವೊಮ್ಮೆ ಬದಲಾದ ಪ್ರಾಜೆಕ್ಟೇ ಬಿಲ್ಡ್ ಆಗುವುದಿಲ್ಲ. ಯಾವಾಗ ಹಾಗಾಗುತ್ತದೆ ಅಂತ ಹಿಡಿಯಲು ಆಗುತ್ತಿಲ್ಲ. ಸರಿಯಾದ ದಾರಿ ಯಾವುದು?

ಉತ್ತರ: ಈ ಎರಡೂ ತೊಂದರೆಗಳನ್ನು ನಾನೂ ಇದೇ ಕ್ರಮದಲ್ಲಿ ಅನುಭವಿಸಿದ್ದೇನೆ. ಮೊದಲನೆಯದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಎರಡನೆಯದರಲ್ಲಿ ಜ್ವರ ಬಂದ ಎತ್ತಿಗೇ ಮದ್ದು ಸಿಗುವುದಿಲ್ಲ. ಮೊದಲನೆಯದರಲ್ಲಿ ಹೋಗುವುದು ಒಂದಿಷ್ಟು ನಿಮಿಷ, ಒಂದಿಷ್ಟು ದುಡ್ಡು. ಎರಡನೆಯದರಲ್ಲಿ ಲೈವ್‌ನಲ್ಲಿ ಹಳೇ ಕೋಡ್ ಕೂತಿರುತ್ತದೆ, ಟೀಮಿನವರೆಲ್ಲ ಹೊಸದು ಹೋಗಿದೆ ಅಂದುಕೊಂಡಿರುತ್ತಾರೆ. ಹಾಗಾಗಿ ಈ ಉತ್ತರದ ಉದ್ದಕ್ಕೂ ನಾನು ಒಂದು ಕಡೆಗೆ ವಾಲಿಕೊಂಡೇ ಮಾತಾಡುತ್ತೇನೆ: ಅನುಮಾನ ಬಂದರೆ ಬಿಲ್ಡ್ ಮಾಡಿ.

ಮೊದಲು ಐದೂ ಯಾಕೆ ಎದ್ದು ಕೂರುತ್ತವೆ ನೋಡೋಣ. ನೀವು ಪುಶ್ ಮಾಡಿದ ಕೂಡಲೇ ಗಿಟ್ ಹೋಸ್ಟ್ ಕಡೆಯಿಂದ ಡಿಪ್ಲಾಯ್ ಪ್ಲಾಟ್‌ಫಾರ್ಮ್‌ಗೆ (ಕೋಡನ್ನು ಬಿಲ್ಡ್ ಮಾಡಿ ಲೈವ್ ಮಾಡುವ ಸೇವೆ, ವರ್ಸೆಲ್, ನೆಟ್ಲಿಫೈ ಥರದ್ದು) ಒಂದು ವೆಬ್‌ಹುಕ್ ಹೋಗುತ್ತದೆ. 'ಈ ರೆಪೊದ ಈ ಬ್ರ್ಯಾಂಚಿಗೆ ಹೊಸ ಕಮಿಟ್ ಬಂತು' ಎನ್ನುವುದು ಅದರ ಸುದ್ದಿ. ಆ ರೆಪೊಗೆ ಐದು ಪ್ರಾಜೆಕ್ಟ್ ಜೋಡಿಸಿದ್ದರೆ ಐದಕ್ಕೂ ಸುದ್ದಿ ಮುಟ್ಟುತ್ತದೆ. ಇಲ್ಲಿ ಒಂದು ಗೊಂದಲ ತುಂಬಾ ಜನರಿಗಿದೆ. 'ರೂಟ್ ಡೈರೆಕ್ಟರಿ ಅಂತ ಸೆಟ್ಟಿಂಗ್ ಇದೆಯಲ್ಲ, ಅಡ್ಮಿನ್‌ಗೆ ಅದರ ಫೋಲ್ಡರನ್ನೇ ಕೊಟ್ಟಿದ್ದೇನಲ್ಲ, ಮತ್ತೆ ಯಾಕೆ?' ಅನ್ನುತ್ತಾರೆ. ಆ ಸೆಟ್ಟಿಂಗ್ ಹೇಳುವುದು ಎಲ್ಲಿ ನಿಂತು ಬಿಲ್ಡ್ ಮಾಡಬೇಕು ಎಂಬುದನ್ನು. ಯಾವಾಗ ಮಾಡಬೇಕು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. 'ಯಾವಾಗ' ಎನ್ನುವುದನ್ನು ನಾವೇ ಬೇರೆಯಾಗಿ ಹೇಳಬೇಕು.

ಹೇಳುವ ಜಾಗಕ್ಕೆ ವರ್ಸೆಲ್‌ನಲ್ಲಿ 'ಇಗ್ನೋರ್ಡ್ ಬಿಲ್ಡ್ ಸ್ಟೆಪ್' ಎನ್ನುತ್ತಾರೆ. ನೆಟ್ಲಿಫೈನಲ್ಲಿ ಬಿಲ್ಡ್ ಸಂರಚನೆಯೊಳಗೆ 'ಇಗ್ನೋರ್' ಎಂಬ ಸಾಲು ಬರೆಯುತ್ತೇವೆ. ಎರಡೂ ಕಡೆ ಕೆಲಸ ಒಂದೇ: ನೀವು ಕೊಟ್ಟ ಕಮಾಂಡ್ ಓಡಿಸಿ, ಅದರ ಎಕ್ಸಿಟ್ ಕೋಡ್, ಅಂದರೆ ಮುಗಿಯುವಾಗ ಅದು ಕೊಡುವ ಸಂಖ್ಯೆ, ನೋಡುತ್ತದೆ. 0 ಬಂದರೆ ಬಿಲ್ಡ್ ಬಿಟ್ಟುಬಿಡುತ್ತದೆ. 1 ಬಂದರೆ ಬಿಲ್ಡ್ ಮಾಡುತ್ತದೆ.

ಹೌದು, ತಪ್ಪಾಗಿ ಓದಿಲ್ಲ. ಶೆಲ್ ಲೋಕದಲ್ಲಿ 0 ಅಂದರೆ 'ಎಲ್ಲ ಸರಿ', ಹಾಗಾಗಿ 0 ಬಂದರೆ ಮುಂದುವರಿಯಬೇಕು ಅಂತ ಕೈ ತಾನಾಗೇ ಬರೆದುಬಿಡುತ್ತದೆ. ಇಲ್ಲಿ ಕೇಳುತ್ತಿರುವ ಪ್ರಶ್ನೆ 'ಬಿಲ್ಡ್ ಮಾಡಲಾ?' ಅಂತ ಅಲ್ಲ, 'ಬಿಟ್ಟುಬಿಡಲಾ?' ಅಂತ. 0 ಅಂದರೆ 'ಹೂಂ, ಬಿಡು'. ಹೀಗೆ ಇಟ್ಟುಕೊಂಡರೆ ಅನುಕೂಲವೂ ಇದೆ. ಎರಡು ಕಮಿಟ್‌ಗಳ ವ್ಯತ್ಯಾಸ ನೋಡುವ ಗಿಟ್ ಡಿಫ್‌ಗೆ ಕ್ವಯಟ್ ಆಪ್ಷನ್ ಕೊಟ್ಟರೆ ವ್ಯತ್ಯಾಸ ಇಲ್ಲದಾಗ 0, ಇದ್ದಾಗ 1 ಕೊಡುತ್ತದೆ. ನೇರವಾಗಿ ಹೊಂದಿಕೊಳ್ಳುತ್ತದೆ, ಅಲ್ವಾ. ಗಿಟ್‌ಗೇ ಏನೋ ಅರ್ಥವಾಗದೆ ಹೋದರೆ, ಉದಾಹರಣೆಗೆ ಕೇಳಿದ ಕಮಿಟ್ ಸಿಗದಿದ್ದರೆ, 128 ಕೊಟ್ಟು ನಿಲ್ಲುತ್ತದೆ. ಅದು 0 ಅಲ್ಲವಾದ್ದರಿಂದ ಬಿಲ್ಡ್ ಕಡೆಗೇ ಬೀಳುತ್ತದೆ. ನಮಗೆ ಬೇಕಾದದ್ದೂ ಅದೇ.

ಆದರೆ ಈ ರಕ್ಷಣೆಯನ್ನು ನಾವೇ ಮುರಿದುಕೊಳ್ಳುವುದುಂಟು. ಬದಲಾದ ಫೈಲುಗಳ ಪಟ್ಟಿ ತೆಗೆದು, ಅದನ್ನು ಪೈಪ್ ಮೂಲಕ ಪದ ಹುಡುಕುವ ಗ್ರೆಪ್‌ಗೆ ಕೊಟ್ಟು, 'ಅಡ್ಮಿನ್ ಅನ್ನುವ ಹೆಸರು ಸಿಗದಿದ್ದರೆ ಬಿಡು' ಅಂತ ಸ್ಕ್ರಿಪ್ಟ್ ಬರೆಯುತ್ತಾರೆ. ಶೆಲ್‌ನಲ್ಲಿ ಪೈಪ್‌ನ ಕೊನೆಯ ಕಮಾಂಡ್ ಏನು ಹೇಳುತ್ತದೋ ಅದೇ ಇಡೀ ಸಾಲಿನ ಉತ್ತರ. ಮುಂದಿರುವ ಗಿಟ್ ಕುಸಿದು ಬಿದ್ದರೂ ಗ್ರೆಪ್‌ಗೆ ಗೊತ್ತಾಗುವುದಿಲ್ಲ. ಖಾಲಿ ಪಟ್ಟಿ ಬರುತ್ತದೆ, ಅಡ್ಮಿನ್ ಸಿಗುವುದಿಲ್ಲ, 'ಏನೂ ಬದಲಾಗಿಲ್ಲ' ಅಂತ ತೀರ್ಮಾನವಾಗುತ್ತದೆ. ಇಂಥ ಸ್ಕ್ರಿಪ್ಟ್ ನಿಮ್ಮಲ್ಲಿದ್ದರೆ ಮೊದಲು ಅದನ್ನು ತೆಗೆಯಿರಿ, ಇಲ್ಲವೇ ಮೇಲ್ಗಡೆ ಪೈಪ್‌ಫೇಲ್ (ಪೈಪ್‌ನ ಯಾವ ಕಮಾಂಡ್ ಸೋತರೂ ಇಡೀ ಸಾಲು ಸೋತಂತೆ ಎಣಿಸುವ ಸೆಟ್ಟಿಂಗ್) ಹಾಕಿ, ಗಿಟ್‌ನ ಉತ್ತರವನ್ನು ಬೇರೆಯಾಗಿ ಪರೀಕ್ಷಿಸಿ.

ಹಿಂದಿನ ಕಮಿಟ್ ಅಂದರೆ ಯಾವುದು?

ಈಗ ನಿಮ್ಮ 'ಕೆಲವೊಮ್ಮೆ'ಗೆ ಬರುತ್ತೇನೆ. ರೋಗ ಇರುವುದು 'ಹಿಂದಿನ ಕಮಿಟ್‌ಗೆ ಹೋಲಿಸಿ' ಎನ್ನುವ ಮಾತಿನಲ್ಲೇ.

ಒಂದು ಚಿಕ್ಕ ಚಿತ್ರ ಬರೆಯುತ್ತೇನೆ. ಅಡ್ಮಿನ್ ಸದ್ಯ ಲೈವ್ ಇರುವುದು 'ಕ' ಎಂಬ ಕಮಿಟ್‌ನಿಂದ ಅಂತಿಟ್ಟುಕೊಳ್ಳಿ. ನೀವು ಅಡ್ಮಿನ್‌ನ ಒಂದು ಫಾರ್ಮ್ ಸರಿಮಾಡಿ 'ಖ' ಪುಶ್ ಮಾಡಿದಿರಿ. ಬಿಲ್ಡ್ ಶುರುವಾಯಿತು. ಪ್ಯಾಕೇಜುಗಳನ್ನು ಇಳಿಸಿಕೊಳ್ಳುವಾಗ ನೆಟ್‌ವರ್ಕ್ ಕೈಕೊಟ್ಟಿತು, ಬಿಲ್ಡ್ ಫೇಲ್. ಅಷ್ಟರಲ್ಲಿ ಪಕ್ಕದವರು ಡಾಕ್ಸ್‌ನಲ್ಲಿ ಏನೋ ತಿದ್ದಿ 'ಗ' ಪುಶ್ ಮಾಡಿದರು. ಅಡ್ಮಿನ್‌ನ ಕಮಾಂಡ್ ಈಗ ಗ ಮತ್ತು ಖ ಎರಡನ್ನು ಹೋಲಿಸುತ್ತದೆ. ಅಡ್ಮಿನ್ ಫೋಲ್ಡರಿನಲ್ಲಿ ವ್ಯತ್ಯಾಸವಿಲ್ಲ. 0. ಬಿಟ್ಟುಬಿಡು. ಲೈವ್‌ನಲ್ಲಿ ಇನ್ನೂ ಕ ಇದೆ. ಮುಂದೆ ಯಾರಾದರೂ ಅಡ್ಮಿನ್ ಮುಟ್ಟುವ ತನಕ ಖ ಹೊರಗೆ ಬರುವುದೇ ಇಲ್ಲ.

ಇದು ನಮ್ಮ ಟೀಮಿನಲ್ಲಿ ನಡೆದದ್ದೇ. ತಾರೀಕಿನ ಫೀಲ್ಡ್ ಒಂದರ ತಪ್ಪು ಸರಿಮಾಡಿದ್ದೆವು. ಎರಡು ದಿನ ಬಳಕೆದಾರರು 'ಇನ್ನೂ ಹಾಗೇ ಇದೆ' ಅಂತ ಹೇಳುತ್ತಲೇ ಇದ್ದರು. ನಾವು 'ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ನೋಡಿ' ಅಂತ ಹೇಳುತ್ತಲೇ ಇದ್ದೆವು. ಮೂರನೇ ದಿನ ಯಾರೋ ಡಿಪ್ಲಾಯ್ ಪಟ್ಟಿ ತೆರೆದು ನೋಡಿದರೆ, ಒಂದು ಕೆಂಪು ಸಾಲು, ಅದರ ಮೇಲೆ ನಾಲ್ಕು ಬೂದು ಬಣ್ಣದ 'ಕ್ಯಾನ್ಸಲ್ಡ್' ಸಾಲುಗಳು. ಬೂದು ಬಣ್ಣ ನೋಡಿ ನೋಡಿ ಅಭ್ಯಾಸವಾಗಿಬಿಟ್ಟಿತ್ತು, ಕೆಳಗಿನ ಕೆಂಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಿಲ್ಡ್ ಫೇಲ್ ಆಗಲೇಬೇಕು ಅಂತಲೂ ಇಲ್ಲ. ನೀವು ಮೂರು ಕಮಿಟ್ ಮಾಡಿ ಒಟ್ಟಿಗೆ ಪುಶ್ ಮಾಡಿದರೆ ವೆಬ್‌ಹುಕ್ ಬರುವುದು ಕೊನೆಯದಕ್ಕೆ. ಹೋಲಿಕೆ ನಡೆಯುವುದು ಮೂರನೆಯದಕ್ಕೂ ಎರಡನೆಯದಕ್ಕೂ. ಮೊದಲ ಎರಡರಲ್ಲಿ ಅಡ್ಮಿನ್ ಬದಲಾಗಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಪುಲ್ ರಿಕ್ವೆಸ್ಟನ್ನು ಹೇಗೆ ಮರ್ಜ್ ಮಾಡುತ್ತೀರಿ ಎನ್ನುವುದೂ ಇಲ್ಲಿ ಆಟವಾಡುತ್ತದೆ. ಸ್ಕ್ವಾಶ್ ಮಾಡಿದರೆ ಎಲ್ಲ ಬದಲಾವಣೆ ಒಂದೇ ಕಮಿಟ್ ಆಗುವುದರಿಂದ ಬಚಾವ್. ಮರ್ಜ್ ಕಮಿಟ್ ಆದರೂ ಪರವಾಗಿಲ್ಲ, ಅದರ ಮೊದಲ ಪೇರೆಂಟ್ ಮುಖ್ಯ ಬ್ರ್ಯಾಂಚಿನ ಹಿಂದಿನ ತುದಿಯೇ ಆಗಿರುತ್ತದೆ. ರೀಬೇಸ್ ಮಾಡಿ ಮರ್ಜ್ ಮಾಡಿದರೆ ಮಾತ್ರ ಕಮಿಟ್‌ಗಳು ಸಾಲಾಗಿ ಬಂದು ಕೂರುತ್ತವೆ, ಕೊನೆಯದೊಂದೇ ಕಾಣುತ್ತದೆ. ನಿಮ್ಮ ಟೀಮಿನಲ್ಲಿ ಒಬ್ಬೊಬ್ಬರು ಒಂದೊಂದು ಬಟನ್ ಒತ್ತುತ್ತಿದ್ದರೆ, 'ಯಾವಾಗ ಹಾಗಾಗುತ್ತದೆ ಅಂತ ಹಿಡಿಯಲು ಆಗುತ್ತಿಲ್ಲ' ಅಂದಿರಲ್ಲ, ಅದಕ್ಕೆ ಕಾರಣ ಇದೇ ಇರಬಹುದು. ಇನ್ನೊಂದು ಸಂದರ್ಭ: ಮೊದಲ ಬಿಲ್ಡ್ ಇನ್ನೂ ಕ್ಯೂನಲ್ಲಿರುವಾಗಲೇ ಎರಡನೇ ಪುಶ್ ಬಂದರೆ, ಹಳೆಯದನ್ನು ತಾನಾಗಿ ಕೈಬಿಡುವ ವ್ಯವಸ್ಥೆ ಇರುತ್ತದೆ. ಹಳೆಯದು ಹೋಯಿತು, ಹೊಸದು ತನ್ನಲ್ಲಿ ಬದಲಾವಣೆ ಇಲ್ಲ ಅಂತ ಬಿಟ್ಟುಕೊಟ್ಟಿತು. ಎರಡೂ ಇಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆಯನ್ನೇ ಬದಲಿಸಬೇಕು. 'ಈ ಕಮಿಟ್‌ನಲ್ಲಿ ಏನು ಬದಲಾಯಿತು?' ಅಂತ ಅಲ್ಲ. 'ಈ ಪ್ರಾಜೆಕ್ಟ್ ಕೊನೆಯ ಸಲ ಸರಿಯಾಗಿ ಡಿಪ್ಲಾಯ್ ಆದಾಗಿನಿಂದ ಇಲ್ಲಿಯ ತನಕ ಏನು ಬದಲಾಯಿತು?' ಅಂತ. ಮೇಲಿನ ಚಿತ್ರದಲ್ಲಿ ಗ ಬಂದಾಗ ಹೋಲಿಕೆ ಕ ಜೊತೆ ಆಗಿದ್ದರೆ ಖ ತಪ್ಪಿಸಿಕೊಳ್ಳುತ್ತಿರಲಿಲ್ಲ. ಒಟ್ಟಿಗೆ ಪುಶ್ ಮಾಡಿದ ಮೂರು ಕಮಿಟ್ಟೂ ಸಿಗುತ್ತವೆ, ರೀಬೇಸೂ ಸಿಗುತ್ತದೆ. ಬಿಟ್ಟಿ ಲಾಭ ಒಂದಿದೆ: ನಡುವೆ ಏನೋ ಹಾಕಿ, ಅದು ಡಿಪ್ಲಾಯ್ ಆಗುವ ಮೊದಲೇ ರಿವರ್ಟ್ ಮಾಡಿದ್ದರೆ, ಎರಡು ತುದಿಗಳ ನಡುವೆ ವ್ಯತ್ಯಾಸವೇ ಇರುವುದಿಲ್ಲ, ಸುಮ್ನೆ ಬಿಲ್ಡ್ ಆಗುವುದೂ ಇಲ್ಲ.

ಆ ಕೊನೆಯ ಕಮಿಟ್ ಐಡಿ ಎಲ್ಲಿ ಸಿಗುತ್ತದೆ? ವರ್ಸೆಲ್ ಅದನ್ನು 'ಪ್ರೀವಿಯಸ್ ಶಾ' ಎಂದು ಕೊನೆಯಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಡುತ್ತದೆ. ಆ ಪ್ರಾಜೆಕ್ಟ್, ಆ ಬ್ರ್ಯಾಂಚ್, ಅದರಲ್ಲಿ ಕೊನೆಗೆ ಯಶಸ್ವಿಯಾದ ಡಿಪ್ಲಾಯ್‌ನ ಐಡಿ ಅದು. ಇಗ್ನೋರ್ಡ್ ಬಿಲ್ಡ್ ಸ್ಟೆಪ್ ಹಾಕಿದಾಗ ಮಾತ್ರ ಸಿಗುತ್ತದೆ. ಗಿಟ್‌ಹಬ್‌ನದೇ ಬಿಲ್ಡ್ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಎನ್‌ಎಕ್ಸ್ ಎಂಬ ಮಾನೊರೆಪೊ ಟೂಲ್ ಬಳಸುವವರಿಗೆ ಮುಖ್ಯ ಬ್ರ್ಯಾಂಚಿನಲ್ಲಿ ಕೊನೆಗೆ ಯಶಸ್ವಿಯಾದ ರನ್ ಹುಡುಕಿಕೊಡುವ ಸಿದ್ಧ ಆಕ್ಷನ್ ಇದೆ. ನಿಮ್ಮದೇ ಪೈಪ್‌ಲೈನ್ ಆದರೆ ಇನ್ನೂ ಸುಲಭ: ಡಿಪ್ಲಾಯ್ ಸರಿಯಾಗಿ ಮುಗಿದ ಮೇಲೆ, ಮುಗಿದ ಮೇಲೆ ಮಾತ್ರ, ಪ್ರಾಜೆಕ್ಟಿಗೊಂದು ಗಿಟ್ ಟ್ಯಾಗನ್ನು ಆ ಕಮಿಟ್‌ಗೆ ಸರಿಸಿ. ಮುಂದಿನ ಹೋಲಿಕೆ ಆ ಟ್ಯಾಗ್‌ನಿಂದ.

ಖಾಲಿ ವೇರಿಯಬಲ್ ಆಡುವ ಆಟ

ಐಡಿ ಸಿಕ್ಕಿತು ಅಂತ ಖುಷಿಯಾಗಿ ಹಳೇ ಸಾಲಿನಲ್ಲಿ ಬದಲಿಸಿಬಿಡಬೇಡಿ. ಇಲ್ಲಿ ಎರಡು ಗುಂಡಿಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ.

ಹೊಸ ಬ್ರ್ಯಾಂಚಿನ ಮೊದಲ ಪುಶ್‌ನಲ್ಲಿ 'ಕೊನೆಯ ಯಶಸ್ವಿ ಡಿಪ್ಲಾಯ್' ಎನ್ನುವುದೇ ಇರುವುದಿಲ್ಲ. ವೇರಿಯಬಲ್ ಖಾಲಿ. ಕಮಾಂಡಿನಲ್ಲಿ ಅದಕ್ಕೆ ಉದ್ಧರಣ ಚಿಹ್ನೆ ಹಾಕದೆ ಬರೆದಿದ್ದರೆ ಶೆಲ್ ಆ ಜಾಗವನ್ನೇ ಅಳಿಸಿಹಾಕುತ್ತದೆ. ಎರಡು ಕಮಿಟ್‌ಗಳನ್ನು ಹೋಲಿಸು ಅಂತ ನೀವು ಬರೆದದ್ದು, 'ಹೆಡ್ (ಈಗಿನ ಕಮಿಟ್) ಮತ್ತು ಈಗ ಡಿಸ್ಕಿನಲ್ಲಿರುವ ಫೈಲುಗಳನ್ನು ಹೋಲಿಸು' ಅಂತಾಗಿಬಿಡುತ್ತದೆ. ಈಗ ತಾನೇ ಕ್ಲೋನ್ ಮಾಡಿದ ರೆಪೊದಲ್ಲಿ ಅವೆರಡಕ್ಕೂ ವ್ಯತ್ಯಾಸ ಎಲ್ಲಿಂದ ಬರಬೇಕು? 0. ಬಿಡು. ಹೊಸ ಬ್ರ್ಯಾಂಚಿನ ಪ್ರಿವ್ಯೂ ಎಂದಿಗೂ ಬರುವುದಿಲ್ಲ. ಎಲ್ಲೂ ಎರರ್ ಇಲ್ಲ, ಲಾಗ್ ಶುಭ್ರವಾಗಿರುತ್ತದೆ. ಉದ್ಧರಣ ಚಿಹ್ನೆ ಹಾಕಿದ್ದರೆ ಗಿಟ್ ಖಾಲಿ ಹೆಸರು ನೋಡಿ ಗೊಣಗಿ 128 ಕೊಡುತ್ತಿತ್ತು, ಬಿಲ್ಡ್ ಆಗುತ್ತಿತ್ತು. ಎರಡು ಚಿಕ್ಕ ಚಿಹ್ನೆಗಳ ವಿಷಯ. ಅದಕ್ಕಿಂತ ಒಳ್ಳೆಯದು, ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ 'ಐಡಿ ಖಾಲಿ ಇದ್ದರೆ 1 ಕೊಟ್ಟು ಹೊರಡು' ಅಂತ ಬಾಯಿಬಿಟ್ಟು ಬರೆಯುವುದು.

ಎರಡನೇ ಗುಂಡಿ ಅರೆಬರೆ ಕ್ಲೋನ್. ವೇಗಕ್ಕಾಗಿ ಪ್ಲಾಟ್‌ಫಾರ್ಮ್‌ಗಳು ಇಡೀ ಇತಿಹಾಸ ಇಳಿಸಿಕೊಳ್ಳುವುದಿಲ್ಲ. ವರ್ಸೆಲ್ ಕೊನೆಯ 10 ಕಮಿಟ್ ಆಳಕ್ಕೆ ಮಾತ್ರ ಹೋಗುತ್ತದೆ. ಗಿಟ್‌ಹಬ್ ಆಕ್ಷನ್ಸ್‌ನ ಚೆಕ್‌ಔಟ್, ನೀವು ಬೇರೆ ಹೇಳದಿದ್ದರೆ, 1 ಕಮಿಟ್ ಮಾತ್ರ ತರುತ್ತದೆ. ಅಂದರೆ ಅಲ್ಲಿ 'ಹಿಂದಿನ ಕಮಿಟ್' ಎನ್ನುವುದೂ ಸಿಗುವುದಿಲ್ಲ. ಡಾಕ್ಸ್ ಮೂರು ವಾರ ಬದಲಾಗಿಲ್ಲ, ಅಷ್ಟರಲ್ಲಿ ನೂರು ಕಮಿಟ್ ಬಂದಿವೆ ಅಂದರೆ, ಅದರ ಕೊನೆಯ ಡಿಪ್ಲಾಯ್‌ನ ಐಡಿ ಈ 10ರ ಆಚೆ ಇರುತ್ತದೆ. ಗಿಟ್‌ಗೆ ಸಿಗುವುದಿಲ್ಲ, 128, ಬಿಲ್ಡ್. ಅಪಾಯವೇನಿಲ್ಲ. ಆದರೆ ಯಾವ ಪ್ರಾಜೆಕ್ಟ್ ಎಲ್ಲರಿಗಿಂತ ಕಡಿಮೆ ಬದಲಾಗುತ್ತದೋ ಅದೇ ಪದೇ ಪದೇ ಬಿಲ್ಡ್ ಆಗುವ ತಮಾಷೆ ನೋಡಬೇಕಾಗುತ್ತದೆ. ಹೋಲಿಕೆಗೆ ಮೊದಲು ಆ ಒಂದು ಕಮಿಟನ್ನು ಐಡಿ ಕೊಟ್ಟು ಫೆಚ್ ಮಾಡಿಕೊಂಡರೆ ಸಾಕು. ಇಡೀ ಇತಿಹಾಸ ಬೇಡ, ಎರಡು ತುದಿ ಇದ್ದರೆ ಡಿಫ್ ನಡೆಯುತ್ತದೆ. ಫೋರ್ಸ್ ಪುಶ್ (ಹಳೇ ಇತಿಹಾಸವನ್ನೇ ಬದಲಿಸುವ ಪುಶ್) ಆಗಿ ಹಳೇ ಐಡಿ ಎಲ್ಲೂ ಸಿಗದಿದ್ದರೆ? ಬಿಲ್ಡ್ ಮಾಡಿ, ಅಷ್ಟೇ.

ಫೋಲ್ಡರ್ ಅಂದರೆ ಪ್ರಾಜೆಕ್ಟ್ ಅಲ್ಲ

ಎರಡು ತುದಿ ಸರಿಹೋದವು. ಇನ್ನು ಹೋಲಿಸುವುದು ಏನನ್ನು? ನೀವು ಅಡ್ಮಿನ್ ಫೋಲ್ಡರನ್ನು ಮಾತ್ರ ನೋಡುತ್ತಿದ್ದೀರಿ. ಮೂರು ಹಂಚಿಕೆಯ ಪ್ಯಾಕೇಜ್ ಇವೆ ಅಂದಿರಿ. ಬಟನ್‌ಗಳಿರುವ ಪ್ಯಾಕೇಜಿನಲ್ಲಿ ಒಂದು ಬಣ್ಣ ಬದಲಾದರೆ ಅಡ್ಮಿನ್ ಫೋಲ್ಡರ್ ಅಲುಗುವುದಿಲ್ಲ, ಆದರೆ ಅಡ್ಮಿನ್ ಬದಲಾಗಿದೆ.

ಕೈಯಲ್ಲಿ ಪಟ್ಟಿ ಬರೆಯಬಹುದು: ಅಡ್ಮಿನ್‌ಗೆ ಅದರ ಫೋಲ್ಡರ್, ಜೊತೆಗೆ ಈ ಎರಡು ಪ್ಯಾಕೇಜ್. ಕ್ಲೌಡ್‌ಫ್ಲೇರ್ ಪೇಜಸ್‌ನ 'ಬಿಲ್ಡ್ ವಾಚ್ ಪಾತ್ಸ್' ಕೂಡ ಹೀಗೆ ಸೇರಿಸು-ಬಿಡು ಪಟ್ಟಿ ಕೇಳುತ್ತದೆ. ಎರಡು ಮೂರು ಪ್ರಾಜೆಕ್ಟ್ ಇದ್ದಾಗ ಇದು ಧಾರಾಳವಾಗಿ ನಡೆಯುತ್ತದೆ, ನಾನು ಬೇಡ ಅನ್ನುವುದಿಲ್ಲ. ಆದರೆ ಇಂಥ ಪಟ್ಟಿ ಬರೆದ ದಿನ ಮಾತ್ರ ಸರಿಯಾಗಿರುತ್ತದೆ. ಆರು ತಿಂಗಳ ನಂತರ ಯಾರೋ ಅಡ್ಮಿನ್‌ಗೆ ಮೂರನೇ ಪ್ಯಾಕೇಜ್ ಸೇರಿಸುತ್ತಾರೆ. ಸೆಟ್ಟಿಂಗ್ಸ್ ಪೇಜಿನಲ್ಲಿ ಹೀಗೊಂದು ಪಟ್ಟಿ ಇದೆ ಅಂತಲೇ ಅವರಿಗೆ ಗೊತ್ತಿರುವುದಿಲ್ಲ.

ನಿಮ್ಮಲ್ಲಿ ಎನ್‌ಪಿಎಂ, ಯಾರ್ನ್ ಅಥವಾ ಪಿಎನ್‌ಪಿಎಂ ವರ್ಕ್‌ಸ್ಪೇಸ್ (ಒಂದೇ ರೆಪೊದ ಪ್ಯಾಕೇಜ್‌ಗಳನ್ನು ಜೋಡಿಸುವ ವ್ಯವಸ್ಥೆ) ಇದ್ದರೆ ಈ ಪಟ್ಟಿ ಆಗಲೇ ಬರೆದಾಗಿದೆ. ಪ್ರತಿ ಪ್ರಾಜೆಕ್ಟಿನ ಪ್ಯಾಕೇಜ್ ಜೇಸನ್‌ನಲ್ಲಿ ಅದು ಯಾವ ಪ್ಯಾಕೇಜನ್ನು ಅವಲಂಬಿಸಿದೆ ಅಂತ ಇರುತ್ತದೆ. ಟರ್ಬೊರೆಪೊ, ಎನ್‌ಎಕ್ಸ್ ಥರದ ಟೂಲ್‌ಗಳು ಇದನ್ನೇ ಓದಿ ಒಂದು ಗ್ರಾಫ್ ಕಟ್ಟುತ್ತವೆ. ಬಟನ್ ಪ್ಯಾಕೇಜ್ ಬದಲಾದರೆ ಅದನ್ನು ಬಳಸುವವರು ಯಾರು, ಅವರನ್ನು ಬಳಸುವವರು ಯಾರು ಅಂತ ಹಿಂದಕ್ಕೆ ನಡೆದುಕೊಂಡು ಹೋಗಿ, ಸೋಂಕು ತಗುಲಿದ ಎಲ್ಲರ ಪಟ್ಟಿ ಕೊಡುತ್ತವೆ. ಎರಡರಲ್ಲೂ ಇದಕ್ಕೆ 'ಅಫೆಕ್ಟೆಡ್' ಎನ್ನುವ ಮಾತೇ ಇದೆ. ಟರ್ಬೊರೆಪೊ 2.1ರಿಂದ ಈ ಆಪ್ಷನ್ ಇದೆ. ಇತಿಹಾಸ ಸಾಕಷ್ಟು ಸಿಗದಿದ್ದರೆ ಅದು ಎಲ್ಲ ಪ್ಯಾಕೇಜೂ ಬದಲಾಗಿವೆ ಅಂತಲೇ ತಿಳಿಯುತ್ತದೆ. ನನಗೆ ಈ ಸ್ವಭಾವ ಇಷ್ಟ.

ಗ್ರಾಫ್ ನಂಬಬೇಕಾದರೆ ನೀವು ಅದಕ್ಕೆ ಸುಳ್ಳು ಹೇಳಬಾರದು. ನಮ್ಮಲ್ಲಿ ಒಂದು ಕಡೆ ಯಾರೋ ಪ್ಯಾಕೇಜಿನ ಹೆಸರಿನಿಂದ ಇಂಪೋರ್ಟ್ ಮಾಡುವ ಬದಲು, ಚುಕ್ಕೆ ಚುಕ್ಕೆ ಹಾಕಿಕೊಂಡು ಎರಡು ಫೋಲ್ಡರ್ ಮೇಲೆ ಹತ್ತಿ, ಪಕ್ಕದ ಪ್ಯಾಕೇಜಿನ ಸೋರ್ಸ್ ಫೋಲ್ಡರಿಗೇ ಕೈಹಾಕಿದ್ದರು. ಬಿಲ್ಡ್ ಆಗುತ್ತದೆ, ಓಡುತ್ತದೆ. ಆದರೆ ಪ್ಯಾಕೇಜ್ ಜೇಸನ್‌ನಲ್ಲಿ ಆ ಸಂಬಂಧ ದಾಖಲಾಗಿಲ್ಲ. ಗ್ರಾಫ್‌ನ ಲೆಕ್ಕದಲ್ಲಿ ಅವರಿಬ್ಬರೂ ಅಪರಿಚಿತರು. ಸ್ಕಿಪ್ ಶುರುಮಾಡುವ ಮೊದಲು ಇಡೀ ರೆಪೊದಲ್ಲಿ ಇಂಥ ಹಿತ್ತಲ ಬಾಗಿಲುಗಳನ್ನು ಹುಡುಕಿ, ಲಿಂಟ್ (ಕೋಡ್ ತಪಾಸಣೆ) ನಿಯಮ ಹಾಕಿ ಮುಚ್ಚಿ.

ರೂಟ್‌ನಲ್ಲಿರುವ ಫೈಲುಗಳದ್ದು ಬೇರೆ ಕತೆ. ಎಲ್ಲರೂ ಹಂಚಿಕೊಳ್ಳುವ ಟೈಪ್‌ಸ್ಕ್ರಿಪ್ಟ್ ಸಂರಚನೆ, ನೋಡ್ ಆವೃತ್ತಿ ಬರೆದಿಟ್ಟ ಫೈಲ್, ಇವು ಯಾವ ಪ್ಯಾಕೇಜಿನೊಳಗೂ ಇರುವುದಿಲ್ಲ. ಬದಲಾದರೆ ಐದೂ ಬಿಲ್ಡ್ ಆಗಲಿ. ಟರ್ಬೊರೆಪೊದಲ್ಲಿ ಇವನ್ನು 'ಗ್ಲೋಬಲ್ ಡಿಪೆಂಡೆನ್ಸೀಸ್' ಅಡಿಯಲ್ಲಿ ಬರೆಯಬಹುದು. ಲೈಬ್ರರಿಗಳ ನಿಖರ ಆವೃತ್ತಿ ಬರೆದಿಡುವ ಲಾಕ್‌ಫೈಲ್ ಮಾತ್ರ ತಲೆನೋವು. ಡಾಕ್ಸ್‌ಗೆ ಒಂದು ಚಿಕ್ಕ ಲೈಬ್ರರಿ ಸೇರಿಸಿದರೂ ಅದು ಬದಲಾಗುತ್ತದೆ, ಆದರೆ ಉಳಿದ ನಾಲ್ಕಕ್ಕೆ ಅದರಿಂದ ಏನೂ ಆಗಿರುವುದಿಲ್ಲ. ಟೂಲ್ ಬಳಸುತ್ತಿದ್ದರೆ ಅದು ಲಾಕ್‌ಫೈಲ್ ಒಳಗೆ ಇಣುಕಿ ಯಾರ ಡಿಪೆಂಡೆನ್ಸಿ ಬದಲಾಯಿತು ಅಂತ ಬಿಡಿಸಿ ನೋಡಬಲ್ಲದು. ಕೈಯಲ್ಲಿ ಸ್ಕ್ರಿಪ್ಟ್ ಬರೆಯುತ್ತಿದ್ದರೆ ಆ ಜಾಣತನಕ್ಕೆ ಹೋಗಬೇಡಿ. ಲಾಕ್‌ಫೈಲ್ ಬದಲಾಯಿತಾ, ಐದೂ ಬಿಲ್ಡ್ ಆಗಲಿ. ನಿಮ್ಮ ರೀಡ್‌ಮಿ ಮಾತ್ರ ಯಾರನ್ನೂ ಎಬ್ಬಿಸದಿರಲಿ.

ಗಿಟ್‌ಗೆ ಕಾಣದ ಬದಲಾವಣೆಗಳು

ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಿಸಿದಿರಿ, ಅಥವಾ ಡಾಕ್ಸ್‌ನ ಬರಹ ಸಿಎಂಎಸ್‌ನಿಂದ (ಬರಹ ನಿರ್ವಹಿಸುವ ಬೇರೆ ವ್ಯವಸ್ಥೆ) ಬರುತ್ತದೆ, ಯಾರೋ ಅಲ್ಲಿ 'ಪಬ್ಲಿಶ್' ಒತ್ತಿದಾಗ ಬಿಲ್ಡ್ ಕೇಳುವ ಡಿಪ್ಲಾಯ್ ಹುಕ್ ಬಡಿಯುತ್ತದೆ. ಹೊಸ ಕಮಿಟ್ ಇಲ್ಲ. ನಿಮ್ಮ ಸ್ಕ್ರಿಪ್ಟ್ ಎರಡು ತುದಿ ನೋಡಿ 'ಒಂದೇ ಇವೆ, ಬಿಡು' ಅಂದರೆ ಹೊಸ ಬರಹ ಹೊರಗೆ ಬರುವುದಿಲ್ಲ. ಹಾಗಾಗಿ ಮೊದಲ ದಿನವೇ ಒಂದು ತಪ್ಪಿಸಿಕೊಳ್ಳುವ ದಾರಿ ಇಡಿ: ಎರಡೂ ಐಡಿ ಒಂದೇ ಆಗಿದ್ದರೆ ಯಾರೋ ಬೇಕಂತಲೇ ಕೇಳಿದ್ದಾರೆ ಅಂತ ತಿಳಿದು ಬಿಲ್ಡ್ ಮಾಡಿ. ಜೊತೆಗೆ, 'ಬಿಲ್ಡ್ ಮಾಡಲೇಬೇಕು' ಅಂತ ಹೇಳುವ ಒಂದು ವೇರಿಯಬಲ್ ಇರಲಿ, ಅದು 1 ಇದ್ದರೆ ಸ್ಕ್ರಿಪ್ಟ್ ಬೇರೇನೂ ನೋಡದಿರಲಿ.

ಇದಕ್ಕಿಂತ ಸೂಕ್ಷ್ಮವಾದದ್ದು ನಿಮ್ಮ ಎಪಿಐ ಮತ್ತು ವೆಬ್‌ಸೈಟ್ ನಡುವಿನ ಮಾತುಕತೆ. ಇಷ್ಟು ದಿನ ಎಲ್ಲ ಒಟ್ಟಿಗೆ ಡಿಪ್ಲಾಯ್ ಆಗುತ್ತಿದ್ದುದರಿಂದ ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಸ್ಕಿಪ್ ಬಂದ ಮೇಲೆ ಇವತ್ತಿನ ಎಪಿಐ ಜೊತೆ ತಿಂಗಳ ಹಿಂದಿನ ಲ್ಯಾಂಡಿಂಗ್ ಪೇಜ್ ಮಾತಾಡುತ್ತಿರುತ್ತದೆ. ಎಪಿಐನ ಟೈಪ್‌ಗಳು ಹಂಚಿಕೆಯ ಪ್ಯಾಕೇಜಿನಲ್ಲಿದ್ದರೆ ಗ್ರಾಫ್ ಇದನ್ನು ಹಿಡಿಯುತ್ತದೆ. ವೆಬ್‌ಸೈಟಿನಲ್ಲಿ ಫೀಲ್ಡ್‌ನ ಹೆಸರನ್ನು ಸುಮ್ನೆ ಕೈಯಲ್ಲಿ ಟೈಪ್ ಮಾಡಿದ್ದರೆ ಹಿಡಿಯುವುದಿಲ್ಲ.

ಗಿಟ್‌ಹಬ್‌ನಲ್ಲಿ ಕಡ್ಡಾಯ ಚೆಕ್‌ಗಳಿದ್ದರೆ ಇದನ್ನೂ ಗಮನಿಸಿ. ವರ್ಕ್‌ಫ್ಲೋ ಶುರುವಾಗುವುದಕ್ಕೇ ಪಾತ್ ಫಿಲ್ಟರ್ ಹಾಕಿದರೆ, ಬಿಟ್ಟುಹೋದಾಗ ಆ ಚೆಕ್ 'ಪೆಂಡಿಂಗ್' ಅಂತಲೇ ನಿಂತುಬಿಡುತ್ತದೆ. ಪುಲ್ ರಿಕ್ವೆಸ್ಟ್ ಮರ್ಜ್ ಆಗುವುದಿಲ್ಲ. ಅದೇ ವರ್ಕ್‌ಫ್ಲೋ ಶುರುವಾಗಲು ಬಿಟ್ಟು, ಒಳಗಿನ ಜಾಬ್‌ಗೆ ಷರತ್ತು ಹಾಕಿ ಬಿಟ್ಟರೆ ಅದು ಪಾಸ್ ಅಂತ ಲೆಕ್ಕ. ಎರಡನೆಯದೇ ಮಾಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ

ವರ್ಸೆಲ್ ಬಳಸುತ್ತಿದ್ದರೆ, ರೆಪೊ ಗಿಟ್‌ಹಬ್‌ನಲ್ಲಿದ್ದರೆ, ವರ್ಕ್‌ಸ್ಪೇಸ್ ಇದ್ದು ಪ್ರತಿ ಪ್ಯಾಕೇಜಿಗೂ ಬೇರೆ ಬೇರೆ ಹೆಸರಿದ್ದರೆ, ಸ್ಕ್ರಿಪ್ಟ್ ಬರೆಯಲು ಕೂರುತ್ತಲೇ ಇರಲಿಲ್ಲ. ಬದಲಾಗದ ಪ್ರಾಜೆಕ್ಟನ್ನು ತಾನಾಗಿ ಬಿಡುವ ಸೌಲಭ್ಯ ಅಲ್ಲೇ ಇದೆ, ರೂಟ್ ಡೈರೆಕ್ಟರಿ ಸೆಟ್ಟಿಂಗ್ ಪಕ್ಕದಲ್ಲಿ. ಅದು ಪ್ರಾಜೆಕ್ಟಿನ ಕೋಡ್, ಒಳಗಿನ ಡಿಪೆಂಡೆನ್ಸಿ, ಲಾಕ್‌ಫೈಲ್ ಮೂರನ್ನೂ ನೋಡುತ್ತದೆ. ಇನ್ನೊಂದು ಕಾರಣವೂ ಇದೆ. ಇಗ್ನೋರ್ಡ್ ಬಿಲ್ಡ್ ಸ್ಟೆಪ್ ಓಡಬೇಕಾದರೆ ಕ್ಯೂನಲ್ಲಿ ಜಾಗ ಸಿಗಬೇಕು, ಕ್ಲೋನ್ ಆಗಬೇಕು. ಹೀಗೆ ಕ್ಯಾನ್ಸಲ್ ಆದವೂ ಡಿಪ್ಲಾಯ್ ಮಿತಿಯಲ್ಲಿ ಎಣಿಕೆಯಾಗುತ್ತವೆ. ತಾನಾಗಿ ಬಿಡುವ ಸೌಲಭ್ಯದಲ್ಲಿ ಕ್ಯೂನ ಜಾಗವೇ ಖರ್ಚಾಗುವುದಿಲ್ಲ. 'ಕಾಯುವುದೇ ಕೆಲಸ' ಎನ್ನುವ ನಿಮ್ಮ ದೂರಿಗೆ ನಿಜವಾದ ಮದ್ದು ಇದೇ.

ಬೇರೆ ಕಡೆ ಇದ್ದರೆ, ಅಥವಾ ಮೇಲಿನ ಷರತ್ತುಗಳು ಕೂಡದಿದ್ದರೆ, ಒಂದೇ ಸ್ಕ್ರಿಪ್ಟ್ ಬರೆದು ರೆಪೊದೊಳಗೆ ಇಡಿ. ಐದು ಸೆಟ್ಟಿಂಗ್ಸ್ ಪೇಜಿನಲ್ಲಿ ಐದು ಬೇರೆ ಸಾಲು ಬೇಡ. ಪ್ರಾಜೆಕ್ಟಿನ ಹೆಸರನ್ನು ಮಾತ್ರ ಹೊರಗಿನಿಂದ ಕೊಡಿ. ಪ್ರತಿ ನಿರ್ಧಾರಕ್ಕೂ ಒಂದು ಸಾಲು ಲಾಗ್ ಬರಲಿ: ಯಾವುದಕ್ಕೆ ಯಾವುದನ್ನು ಹೋಲಿಸಿದೆ, ಯಾಕೆ ಬಿಟ್ಟೆ, ಯಾವ ಫೈಲ್ ನೋಡಿ ಬಿಲ್ಡ್ ಮಾಡಿದೆ. ಮೊದಲ ಎರಡು ವಾರ ಅದು ನಿರ್ಧಾರವನ್ನು ಬರೆಯಲಿ, ಆದರೆ ಕೊನೆಗೆ ಯಾವಾಗಲೂ 1 ಕೊಟ್ಟು ಬಿಲ್ಡ್ ಮಾಡಿಬಿಡಲಿ. ಎರಡು ವಾರದ ನಂತರ ಲಾಗ್ ಓದಿ. 'ಬಿಡಬಹುದಿತ್ತು' ಅಂತ ಬರೆದ ಕಡೆಗಳಲ್ಲಿ ನಿಜಕ್ಕೂ ಬಿಡಬಹುದಿತ್ತಾ ಅಂತ ಕೂತು ನೋಡಿ. ನಮಗೆ ಆ ಹಿತ್ತಲ ಬಾಗಿಲಿನ ಇಂಪೋರ್ಟ್ ಸಿಕ್ಕಿದ್ದು ಹೀಗೆಯೇ.

ಮತ್ತೆ, ರಾತ್ರಿ ಒಮ್ಮೆ ಓಡುವ ಒಂದು ಕಾವಲು ಜಾಬ್ ಇಟ್ಟುಕೊಳ್ಳಿ. ಪ್ರತಿ ಪ್ರಾಜೆಕ್ಟೂ ತಾನು ಯಾವ ಕಮಿಟ್‌ನಿಂದ ಬಿಲ್ಡ್ ಆಯಿತು ಎಂಬುದನ್ನು ಒಂದು ಚಿಕ್ಕ ಫೈಲಿನಲ್ಲಿ ಲೈವ್ ಆಗಿ ತೋರಿಸಲಿ. ಕಾವಲು ಜಾಬ್ ಅದನ್ನು ಓದಿ, ಮುಖ್ಯ ಬ್ರ್ಯಾಂಚಿನ ತುದಿಗೆ ಹೋಲಿಸಿ, ನಡುವೆ ಆ ಪ್ರಾಜೆಕ್ಟಿಗೆ ಸೇರಿದ ಬದಲಾವಣೆ ಉಳಿದಿದ್ದರೆ ಟೀಮಿಗೆ ಒಂದು ಮೆಸೇಜ್ ಹಾಕಲಿ. ಐಡಿ ಬೇರೆ ಇದ್ದ ಮಾತ್ರಕ್ಕೆ ಗಾಬರಿ ಬೇಡ. ಸ್ಕಿಪ್ ಇರುವಾಗ ಐಡಿ ಹಳೆಯದಾಗಿರುವುದು ಸಹಜ. ಬಾಕಿ ಕೆಲಸ ಇದೆಯಾ ಎನ್ನುವುದಷ್ಟೇ ಮುಖ್ಯ. ಇದು ನಮ್ಮಲ್ಲಿ ಮೊದಲೇ ಇದ್ದಿದ್ದರೆ ತಾರೀಕಿನ ಫೀಲ್ಡ್‌ಗಾಗಿ ಯಾರೂ ಎರಡು ದಿನ ಕ್ಯಾಶ್ ಕ್ಲಿಯರ್ ಮಾಡಬೇಕಿರಲಿಲ್ಲ. ವಾರಕ್ಕೊಮ್ಮೆ ಐದನ್ನೂ ಬಲವಂತವಾಗಿ ಬಿಲ್ಡ್ ಮಾಡುವುದೂ ಒಳ್ಳೆಯದು. ಮೂರು ತಿಂಗಳು ಮಲಗಿದ್ದ ಪ್ರಾಜೆಕ್ಟನ್ನು ತುರ್ತಾಗಿ ಎಬ್ಬಿಸಲು ಹೋದಾಗ ನೋಡ್ ಆವೃತ್ತಿ ಬದಲಾಗಿ ಬಿಲ್ಡೇ ಆಗದಿರುವುದು ನೋಡುವಂಥ ದೃಶ್ಯವಲ್ಲ.

ಇದೆಲ್ಲ ನಾಳೆಯ ಕೆಲಸ. ಇವತ್ತು ಮೊದಲು ಐದೂ ಪ್ರಾಜೆಕ್ಟಿನ ಡಿಪ್ಲಾಯ್ ಪಟ್ಟಿ ತೆರೆಯಿರಿ. ಬೂದು ಸಾಲುಗಳನ್ನು ದಾಟಿ ಕೆಳಗೆ ಬನ್ನಿ, ಕೊನೆಯ ಹಸಿರು ಸಾಲು ಯಾವ ಕಮಿಟ್‌ದು ನೋಡಿ. ಅಲ್ಲಿಂದ ಇಲ್ಲಿಯ ತನಕ ಆ ಪ್ರಾಜೆಕ್ಟಿಗೆ ಸೇರಿದ್ದು ಏನಾದರೂ ಬದಲಾಗಿದ್ದರೆ, ಇಗ್ನೋರ್ ಸಾಲು ತಾತ್ಕಾಲಿಕವಾಗಿ ತೆಗೆದು, ಈಗಲೇ ಒಮ್ಮೆ ಬಿಲ್ಡ್ ಮಾಡಿಬಿಡಿ.